ಮಾತು ಕಲಿತ ಸಿನಿಮಾ, 1927ರಿಂದ 1934: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಟಾಕಿ ಚಿತ್ರಗಳ ಹುಚ್ಚು ನನಗಿದೆ ಅಂತ ಗೊತ್ತಾದ ಮೇಲೆ ಸ್ನೇಹಿತರು, ನೆಂಟರು ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ಮೊದಲೇ ಒಂದು ಮಾತು. ಈ ಚಿತ್ರಗಳಿಗೆ ಕಣ್ಣಿನಷ್ಟೇ ಕಿವಿಯನ್ನೂ ಕೊಡಬೇಕು. ಇಲ್ಲದಿದ್ದರೆ ಅರ್ಧ ಸಿನಿಮಾ ತಪ್ಪಿಹೋಗುತ್ತದೆ.

ಇಲ್ಲಿ ಯಾವ ಚಿತ್ರಗಳ ಬಗ್ಗೆ ಹೇಳುತ್ತಿದ್ದೀರಿ?

ಸುಮಾರು 1927ರಿಂದ 1934ರವರೆಗೆ ಬಂದವು. ಜಾಸ್ತಿ ಹಾಲಿವುಡ್‌ನವು, ಜೊತೆಗೆ ಜರ್ಮನಿ ಮತ್ತು ಇಂಗ್ಲೆಂಡಿನವು. ಅದರಲ್ಲೂ ಸಂಸಾರದ ಕಥೆ, ಪ್ರೀತಿಯ ಕಥೆ, ಕೊಲೆ ದರೋಡೆಯ ಕಥೆ. ಭೂತದ ಚಿತ್ರಗಳು ಮತ್ತು ಹಾಡು ಕುಣಿತದ ಚಿತ್ರಗಳು ಬೇರೆಯೇ ಲೋಕ, ಅವನ್ನು ಇಲ್ಲಿ ತಂದಿಲ್ಲ. 1934ಕ್ಕೇ ಯಾಕೆ ನಿಲ್ಲಿಸಿದೆ ಅನ್ನುವುದು ಮುಂದೆ ಬರುತ್ತದೆ.

ಮೊದಲ ಮಾತಿನ ಚಿತ್ರ ‘ದಿ ಜಾಜ್ ಸಿಂಗರ್’ ತಾನೇ?

ಅರ್ಧ ಸರಿ. ಅದು 1927ರ ಅಕ್ಟೋಬರ್ 6ರಂದು ನ್ಯೂಯಾರ್ಕ್‌ನಲ್ಲಿ ಬಿಡುಗಡೆಯಾಯಿತು. ವಾರ್ನರ್ ಬ್ರದರ್ಸ್ ತೆಗೆದದ್ದು, ಆಲ್ ಜೋಲ್ಸನ್ ಹಾಡಿದ್ದು. ಆದರೆ ಅದರ ಬಹುಪಾಲು ಮೂಕಿಯೇ. ಹಾಡುಗಳು ಕೇಳಿಸುತ್ತವೆ, ನಡುವೆ ಒಂದಿಷ್ಟು ಮಾತು ಕೇಳಿಸುತ್ತದೆ, ಉಳಿದದ್ದನ್ನು ತೆರೆಯ ಮೇಲೆ ಓದಿಕೊಳ್ಳಬೇಕು. ಅಷ್ಟಕ್ಕೇ ಜನ ಮುಗಿಬಿದ್ದರು.

ಶುರುವಿನಿಂದ ಕೊನೆತನಕ ಮಾತಾಡುವ ಮೊದಲ ಪೂರ್ಣ ಪ್ರಮಾಣದ ಚಿತ್ರ 1928ರ ಜುಲೈನಲ್ಲಿ ಬಂದ ‘ಲೈಟ್ಸ್ ಆಫ್ ನ್ಯೂಯಾರ್ಕ್’. ಅದೊಂದು ಕ್ರೈಮ್ ಕಥೆ! ಕಳ್ಳಭಟ್ಟಿ ವ್ಯವಹಾರ, ನೈಟ್ ಕ್ಲಬ್, ಒಂದು ಕೊಲೆ. ಒಂದು ಗಂಟೆಯೂ ಇಲ್ಲ. ಸಿನಿಮಾ ಬಾಯಿಬಿಟ್ಟು ಪೂರ್ತಿ ಹೇಳಿದ ಮೊದಲ ಕಥೆ ಕಳ್ಳರದ್ದು ಅನ್ನುವುದು ನನಗೆ ಇಂದಿಗೂ ಖುಷಿ ಕೊಡುವ ವಿಷಯ. ಚಿತ್ರ ಚೆನ್ನಾಗಿದೆಯಾ ಅಂತ ಕೇಳಿದರೆ, ಇಲ್ಲ. ಮೈಕಿಗೆ ಕೇಳಿಸಲಿ ಅಂತ ಎಲ್ಲರೂ ಒಂದೊಂದೇ ಪದ ಬಿಡಿಸಿ ಬಿಡಿಸಿ ಹೇಳುತ್ತಾರೆ. ಖಳನಾಯಕ ತನ್ನ ಕಡೆಯವರಿಗೆ ‘ಅವನನ್ನು ಮುಗಿಸಿ’ ಅನ್ನುವ ಅರ್ಥದ ಮಾತು ಹೇಳುವಾಗಲೂ, ಮಕ್ಕಳಿಗೆ ಉಕ್ತಲೇಖನ ಹೇಳಿದ ಹಾಗಿದೆ. ಆದರೂ ಒಮ್ಮೆ ನೋಡಿ.

ಆಗ ಶಬ್ದ ಹೇಗೆ ಬರುತ್ತಿತ್ತು?

ಎರಡು ದಾರಿ ಇದ್ದವು. ವಾರ್ನರ್ ಕಂಪನಿಯ ವೈಟಾಫೋನ್‌ನಲ್ಲಿ ಶಬ್ದ ಇದ್ದದ್ದು ಗ್ರಾಮಫೋನ್ ತಟ್ಟೆಯಲ್ಲಿ. 16 ಅಂಗುಲದ ದೊಡ್ಡ ತಟ್ಟೆ, ನಿಮಿಷಕ್ಕೆ 33⅓ ಸುತ್ತು. ಮುಳ್ಳು ಒಳಗಿನಿಂದ ಹೊರಗೆ ಹೋಗುತ್ತಿತ್ತು. ಒಂದು ತಟ್ಟೆಗೆ ಒಂದು ರೀಲು, ಅಂದರೆ ಸುಮಾರು 11 ನಿಮಿಷ. ಪ್ರೊಜೆಕ್ಟರ್ ಓಡಿಸುವವನು ರೀಲಿನ ಗುರುತನ್ನೂ ತಟ್ಟೆಯ ಗುರುತನ್ನೂ ಸರಿಯಾಗಿ ಕೂಡಿಸಿ ಎರಡನ್ನೂ ಒಟ್ಟಿಗೆ ಬಿಡಬೇಕು. ಮುಳ್ಳು ಜಾರಿದರೆ ಕಥೆ ಮುಗಿಯಿತು, ನಾಯಕಿಯ ತುಟಿಯಲ್ಲಿ ನಾಯಕನ ದನಿ. ರೀಲು ತುಂಡಾಗಿ ಅಂಟಿಸುವಾಗ ನಾಲ್ಕು ಫ್ರೇಮು ಹೋದರೆ ಅಷ್ಟೇ ಖಾಲಿ ಫ್ರೇಮು ಸೇರಿಸಬೇಕು, ಇಲ್ಲವಾದರೆ ಆ ರೀಲು ಮುಗಿಯುವವರೆಗೂ ತುಟಿ ಒಂದು ಕಡೆ, ಮಾತು ಒಂದು ಕಡೆ. ತಟ್ಟೆಯೂ ಸವೆಯುತ್ತಿತ್ತು. ಎಷ್ಟು ಸಲ ಹಾಕಿದ್ದೇವೆ ಅಂತ ಗುರುತು ಹಾಕಲು ಅದರ ಲೇಬಲ್ ಮೇಲೇ ಚೌಕಗಳು ಇರುತ್ತಿದ್ದವು.

ಇನ್ನೊಂದು ದಾರಿಯಲ್ಲಿ ಶಬ್ದವನ್ನು ಫಿಲ್ಮಿನ ಅಂಚಿನಲ್ಲೇ ಬೆಳಕಿನ ಗೆರೆಯಾಗಿ ಮೂಡಿಸುತ್ತಿದ್ದರು. ಫಾಕ್ಸ್ ಕಂಪನಿಯ ಮೂವಿಟೋನ್ ಈ ಬಗೆಯದು. ಕೊನೆಗೆ ಗೆದ್ದದ್ದು ಇದೇ. ನಮ್ಮಲ್ಲಿ ಆ ಕಾಲದ ಚಿತ್ರ ಕಂಪನಿಗಳ ಹೆಸರಿನಲ್ಲಿ ‘ಮೂವಿಟೋನ್’ ಅಂತ ನೋಡಿರುತ್ತೀರಿ. ಆ ಪದ ಇಲ್ಲಿಂದ ಬಂದದ್ದು.

ಸೆಕೆಂಡಿಗೆ 24 ಫ್ರೇಮು ಅಂತ ಗಟ್ಟಿಯಾದದ್ದೂ ಆಗಲೇ. ಮೂಕಿ ಕಾಲದಲ್ಲಿ ವೇಗ ಹೇಗಿದ್ದರೂ ನಡೆಯುತ್ತಿತ್ತು. ಶಬ್ದ ಬಂದ ಮೇಲೆ ವೇಗ ಬದಲಾದರೆ ದನಿಯೇ ಬದಲಾಗುತ್ತದೆ, ಅಲ್ವಾ?

ಕೆಲವು ಚಿತ್ರಗಳಲ್ಲಿ ಎಲ್ಲರೂ ನಿಂತಲ್ಲೇ ನಿಂತು ಮಾತಾಡುತ್ತಾರೆ, ಯಾಕೆ?

ಕ್ಯಾಮೆರಾ ಮೋಟಾರಿನ ಸದ್ದು ಮೈಕಿಗೆ ಬೀಳುತ್ತಿತ್ತು. ಅದಕ್ಕೆ ಕ್ಯಾಮೆರಾವನ್ನೂ ಕ್ಯಾಮೆರಾಮನ್ನನ್ನೂ ಒಂದು ಗಾಜಿನ ಕಿಟಕಿಯ ಪೆಟ್ಟಿಗೆಯೊಳಗೆ ಕೂಡಿ ಬಾಗಿಲು ಹಾಕುತ್ತಿದ್ದರು. ಒಳಗೆ ಗಾಳಿ ಇಲ್ಲ, ಹೊರಗೆ ದೀಪಗಳ ಕಾವು. ಟೇಕ್ ಮುಗಿದು ಬಾಗಿಲು ತೆರೆದಾಗ ಬೆವರಲ್ಲಿ ತೊಯ್ದು ಹೊರಗೆ ಬರುತ್ತಿದ್ದರು. ಅಂಥ ಪೆಟ್ಟಿಗೆಯನ್ನು ಎಳೆದಾಡುವುದು ಸುಲಭವಲ್ಲ, ಹಾಗಾಗಿ ಕ್ಯಾಮೆರಾ ಕಟ್ಟಿಹಾಕಿದ ಹಾಗೆ ಕೂತಿತು. ಮೈಕನ್ನು ಹೂದಾನಿಯಲ್ಲೋ ಟೆಲಿಫೋನಿನ ಹಿಂದೆಯೋ ಬಚ್ಚಿಡುತ್ತಿದ್ದರು, ನಟರು ಅದರ ಸುತ್ತಲೇ ನಿಂತುಕೊಳ್ಳಬೇಕಿತ್ತು. 1928, 1929ರ ಚಿತ್ರ ನೋಡುವಾಗ ಮೇಜಿನ ಮೇಲಿನ ಹೂದಾನಿ ಗಮನಿಸಿ. ಎಲ್ಲರೂ ಅದರ ಕಡೆ ವಾಲಿದ್ದರೆ ಮೈಕು ಎಲ್ಲಿದೆ ಅಂತ ಊಹಿಸಬಹುದು.

ಇದು ಬಹಳ ದಿನ ನಡೆಯಲಿಲ್ಲ. 1929ರಲ್ಲಿ ನಿರ್ದೇಶಕಿ ಡೊರೊಥಿ ಆರ್ಜ್ನರ್ ನಟಿ ಕ್ಲಾರಾ ಬೋ ಓಡಾಡಲಿ ಅಂತ ಮೈಕನ್ನು ಮೀನಿನ ಗಾಳದ ಕೋಲಿಗೆ ಕಟ್ಟಿಸಿ ತಲೆಯ ಮೇಲೆ ಹಿಡಿಸಿದರು ಅನ್ನುತ್ತಾರೆ. ಇವತ್ತು ಶೂಟಿಂಗಿನಲ್ಲಿ ಕಾಣುವ ಬೂಮ್ ಅದರ ಮೊಮ್ಮಗ. 1931ರ ಹೊತ್ತಿಗೆ ಕ್ಯಾಮೆರಾ ಮತ್ತೆ ಆರಾಮಾಗಿ ಓಡಾಡುತ್ತಿತ್ತು. ಅದಕ್ಕೇ ಯಾರಾದರೂ ‘ಹಳೆಯ ಟಾಕಿ ಅಂದರೆ ಬರೀ ನಾಟಕ ಕಣ್ರೀ’ ಅಂದರೆ, ಯಾವ ವರ್ಷದ್ದು ನೋಡಿದಿರಿ ಅಂತ ಮೊದಲು ಕೇಳುತ್ತೇನೆ.

ಹಿನ್ನೆಲೆ ಸಂಗೀತವೇ ಇಲ್ಲ! ಪ್ರಿಂಟ್ ಕೆಟ್ಟಿದೆಯಾ?

ಕೆಟ್ಟಿಲ್ಲ. ಮಾತನ್ನೂ ಸಂಗೀತವನ್ನೂ ಬೇರೆ ಬೇರೆ ಮುದ್ರಿಸಿ ಆಮೇಲೆ ದನಿ ಕೆಡದ ಹಾಗೆ ಕೂಡಿಸುವುದು ಆಗ ಕಷ್ಟವಿತ್ತು. ಸುಮಾರು 1932, 1933ರ ಹೊತ್ತಿಗೆ ಅದು ಸುಲಭವಾಯಿತು. ಅಲ್ಲಿಯವರೆಗಿನ ಎಷ್ಟೋ ಚಿತ್ರಗಳಲ್ಲಿ ಹೆಸರು ತೋರಿಸುವಾಗ ಸಂಗೀತ, ಕೊನೆಗೆ ಸಂಗೀತ, ನಡುವೆ ಕಥೆಯೊಳಗೆ ರೇಡಿಯೋ ಅಥವಾ ಗ್ರಾಮಫೋನ್ ಇದ್ದರೆ ಅದರದ್ದು. ಅಷ್ಟೇ.

ಮೊದಮೊದಲು ಬೋಳು ಬೋಳು ಅನಿಸುತ್ತದೆ. ಆಮೇಲೆ ಅದರ ರುಚಿ ಹತ್ತುತ್ತದೆ. ಬೂಟಿನ ಸದ್ದು, ಬಾಗಿಲ ಗಂಟೆ, ದೂರದಲ್ಲೆಲ್ಲೋ ಕಾರು, ಎಲ್ಲಕ್ಕೂ ತೂಕ ಬರುತ್ತದೆ. ‘ಇಲ್ಲಿ ಅಳಿ’, ‘ಇಲ್ಲಿ ಹೆದರಿ’ ಅಂತ ಪಿಟೀಲು ನಮಗೆ ಹೇಳಿಕೊಡುವುದಿಲ್ಲ.

ಕ್ರೈಮ್ ಥ್ರಿಲ್ಲರ್ ನೋಡಬೇಕು, ಎಲ್ಲಿಂದ ಶುರು ಮಾಡಲಿ?

ಎರಡು ಚಿತ್ರ. ಬೇರೆ ಏನೂ ನೋಡದಿದ್ದರೂ ಇವೆರಡನ್ನು ನೋಡಿ.

ಮೊದಲನೆಯದು 1929ರ ‘ಬ್ಲ್ಯಾಕ್‌ಮೇಲ್’. ಆಲ್ಫ್ರೆಡ್ ಹಿಚ್‌ಕಾಕ್ ಇದನ್ನು ಮೂಕಿಯಾಗಿ ಶುರು ಮಾಡಿ ಆಮೇಲೆ ಎಷ್ಟೋ ಭಾಗವನ್ನು ಮಾತಿನ ಜೊತೆ ಮತ್ತೆ ತೆಗೆದರು. ನಾಯಕಿ ಆ್ಯನಿ ಒಂಡ್ರಾ ಅವರದ್ದು ಚೆಕ್ ನುಡಿಯ ಇಂಗ್ಲಿಷ್, ಪಾತ್ರವೋ ಲಂಡನ್ ಅಂಗಡಿಯವನ ಮಗಳು. ಡಬ್ಬಿಂಗ್ ಇನ್ನೂ ಸಾಧ್ಯವಿರಲಿಲ್ಲ. ಹಾಗಾಗಿ ಒಂಡ್ರಾ ಕ್ಯಾಮೆರಾ ಮುಂದೆ ತುಟಿ ಆಡಿಸಿದರು, ಚೌಕಟ್ಟಿನ ಆಚೆ ನಿಂತು ಜೋನ್ ಬ್ಯಾರಿ ಅದೇ ಹೊತ್ತಿಗೆ ಮಾತಾಡಿದರು. ನಮ್ಮ ಊರ ಗೊಂಬೆಯಾಟದಲ್ಲಿ ಭಾಗವತರು ಗೊಂಬೆಯ ಮಾತು ಹೇಳುವಂತೆ.

ಇದರಲ್ಲಿ ಬೆಳಗಿನ ತಿಂಡಿಯ ದೃಶ್ಯ ಒಂದಿದೆ. ಹಿಂದಿನ ರಾತ್ರಿ ಹುಡುಗಿ ತನ್ನ ಮೇಲೆ ಕೈಮಾಡಿದವನನ್ನು ಚಾಕುವಿನಿಂದ ಇರಿದು ಬಂದಿದ್ದಾಳೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಪಕ್ಕದ ಮನೆಯವಳು ಬಂದು ಬಾಗಿಲಲ್ಲಿ ನಿಂತು ಆ ಕೊಲೆಯ ಬಗ್ಗೆಯೇ ಒಂದೇ ಸಮನೆ ಹರಟುತ್ತಾಳೆ. ನಿಧಾನಕ್ಕೆ ಅವಳ ಮಾತೆಲ್ಲ ಗೊಣಗೊಣ ಆಗಿಬಿಡುತ್ತದೆ, ‘ಚಾಕು’ ಅನ್ನುವ ಪದ ಮಾತ್ರ ಸ್ಪಷ್ಟವಾಗಿ ಬಂದು ಚುಚ್ಚುತ್ತದೆ. ಗೊಣಗೊಣ, ಚಾಕು, ಗೊಣಗೊಣ, ಚಾಕು. ಅಷ್ಟರಲ್ಲಿ ಅಪ್ಪ ‘ಒಂಚೂರು ಬ್ರೆಡ್ ಕೊಯ್ಯಮ್ಮಾ’ ಅನ್ನುತ್ತಾನೆ. ಕೈಯಲ್ಲಿದ್ದ ಚಾಕು ಹಾರಿ ಬೀಳುತ್ತದೆ. ಒಬ್ಬಳ ತಲೆಯೊಳಗೆ ಏನು ನಡೆಯುತ್ತಿದೆ ಅಂತ ಬರೀ ಶಬ್ದದಲ್ಲೇ ತೋರಿಸಿದ್ದು, ಅದೂ ಬ್ರಿಟನ್ನಿಗೆ ಟಾಕಿ ಇನ್ನೂ ಹೊಸದಾಗಿದ್ದಾಗ! ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ.

ಎರಡನೆಯದು ಜರ್ಮನಿಯ ‘ಎಂ’, 1931. ನಿರ್ದೇಶಕ ಫ್ರಿಟ್ಜ್ ಲಾಂಗ್. ಮಕ್ಕಳನ್ನು ಕೊಲ್ಲುವವನೊಬ್ಬ ನಗರದಲ್ಲಿ ಅಡ್ಡಾಡುತ್ತಿದ್ದಾನೆ. ಪೊಲೀಸರೂ ಹುಡುಕುತ್ತಾರೆ, ತಮ್ಮ ದಂಧೆಗೆ ತೊಂದರೆ ಅಂತ ಕಳ್ಳರೂ ಹುಡುಕುತ್ತಾರೆ. ಶುರುವಿನಲ್ಲಿ ತಾಯಿಯೊಬ್ಬಳು ಮಗಳಿಗೆ ತಟ್ಟೆ ಹಾಕಿ ಕಾಯುತ್ತಾಳೆ. ಗಡಿಯಾರ ನೋಡುತ್ತಾಳೆ. ಕಿಟಕಿಯಿಂದ ‘ಎಲ್ಸೀ!’ ಅಂತ ಕೂಗುತ್ತಾಳೆ. ಆ ಕೂಗಿನ ಮೇಲೆ ನಮಗೆ ಕಾಣುವುದು ಖಾಲಿ ಮೆಟ್ಟಿಲು, ಬಟ್ಟೆ ಒಣಹಾಕಿದ ಖಾಲಿ ಅಟ್ಟ, ಊಟದ ಮೇಜಿನ ಮೇಲೆ ಮುಟ್ಟದ ತಟ್ಟೆ. ಆಮೇಲೆ ಪೊದೆಯಿಂದ ಉರುಳಿ ಬಂದು ನಿಲ್ಲುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು. ಕೊಲೆ ತೋರಿಸುವುದೇ ಇಲ್ಲ. ತೋರಿಸಿದ್ದರೆ ಇಷ್ಟು ಹೊಟ್ಟೆ ಕಿವುಚುತ್ತಿರಲಿಲ್ಲ.

ಕೊಲೆಗಾರನ ಪಾತ್ರ ಪೀಟರ್ ಲೋರೆಯದು. ಅವನು ಮೊದಲು ಬರುವುದು ಒಂದು ನೆರಳಾಗಿ, ಆಮೇಲೆ ಒಂದು ಸಿಳ್ಳೆಯಾಗಿ. ಗ್ರೀಗ್ ಎಂಬ ನಾರ್ವೆಯ ಸಂಗೀತಗಾರನ ಒಂದು ಧಾಟಿ ಅದು. ಕೊನೆಗೆ ಅವನನ್ನು ಗುರುತು ಹಿಡಿಯುವವನೂ ಕಣ್ಣು ಕಾಣದ ಬಲೂನು ಮಾರುವವ, ಆ ಸಿಳ್ಳೆ ಕೇಳಿ. ಮೂಕಿಯಲ್ಲಿ ಈ ಕಥೆಯನ್ನು ಹೀಗೆ ಹೇಳಲು ಸಾಧ್ಯವೇ ಇರಲಿಲ್ಲ. ನಾನು ಮೊದಲ ಸಲ ರಾತ್ರಿ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದಾಗ ಒಂದು ಕಡೆ ಪೂರ್ತಿ ನಿಶ್ಶಬ್ದವಾಯಿತು. ಹೆಡ್‌ಫೋನ್ ಹೋಯಿತು ಅಂತ ತೆಗೆದು ವೈರು ನೋಡಿದೆ. ಹೋಗಿರಲಿಲ್ಲ. ಲಾಂಗ್ ಬೇಕೆಂದೇ ಅಲ್ಲಿ ಶಬ್ದ ತೆಗೆದಿದ್ದಾರೆ.

1931ರ ಸುತ್ತ ಗ್ಯಾಂಗ್‌ಸ್ಟರ್ ಚಿತ್ರಗಳು ಒಟ್ಟೊಟ್ಟಿಗೆ ಬಂದದ್ದು ಹೇಗೆ?

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಕಳ್ಳ ಹೆಂಡದ ದುಡ್ಡಿನಲ್ಲಿ ಗ್ಯಾಂಗುಗಳು ಬೆಳೆದವು, ಪತ್ರಿಕೆ ತೆರೆದರೆ ಶಿಕಾಗೋದ ಗುಂಡಿನ ಸುದ್ದಿ. ಅದೇ ಹೊತ್ತಿಗೆ ಮೈಕು ಬಂತು. ಮಷಿನ್ ಗನ್ನಿನ ಸದ್ದು, ಕಾರಿನ ಟೈರು ಕಿರುಚುವ ಸದ್ದು, ಬೀದಿಯವರ ಒರಟು ಮಾತು, ಇವೆಲ್ಲ ಮೂಕಿಗೆ ಸಿಗದ ಸಾಮಗ್ರಿ. ‘ಲಿಟ್ಲ್ ಸೀಸರ್’ (1931) ಎಡ್ವರ್ಡ್ ಜಿ. ರಾಬಿನ್ಸನ್ ಅವರನ್ನು, ‘ದಿ ಪಬ್ಲಿಕ್ ಎನಿಮಿ’ (1931) ಜೇಮ್ಸ್ ಕ್ಯಾಗ್ನಿ ಅವರನ್ನು, ‘ಸ್ಕಾರ್‌ಫೇಸ್’ (1932) ಪಾಲ್ ಮುನಿ ಅವರನ್ನು ದೊಡ್ಡ ತಾರೆಯರನ್ನಾಗಿ ಮಾಡಿದವು.

ಮೂರರಲ್ಲಿ ನನಗೆ ಹತ್ತಿರದ್ದು ‘ದಿ ಪಬ್ಲಿಕ್ ಎನಿಮಿ’. ಕ್ಯಾಗ್ನಿ ತನ್ನನ್ನು ಚಿಕ್ಕಂದಿನಲ್ಲಿ ಕೆಡಿಸಿದ ಹಳೆಯ ಕಳ್ಳನನ್ನು ಕೊಲ್ಲಲು ಹೋಗುತ್ತಾನೆ. ಆ ಮನುಷ್ಯ ಜೀವ ಉಳಿಸಿಕೊಳ್ಳಲು ಹಳೆಯ ದಿನಗಳನ್ನು ನೆನಪಿಸುತ್ತಾ ಪಿಯಾನೋ ನುಡಿಸುತ್ತಾ ಹಾಡುತ್ತಾನೆ. ಕ್ಯಾಮೆರಾ ನಿಧಾನಕ್ಕೆ ಬೇರೆ ಕಡೆ ತಿರುಗುತ್ತದೆ. ಗುಂಡಿನ ಸದ್ದು, ಪಿಯಾನೋ ಮೇಲೆ ಮೈ ಬಿದ್ದ ಸದ್ದು, ಮೌನ. ಕೊನೆಯ ದೃಶ್ಯವೂ ಹಾಗೆಯೇ, ಮನೆಯಲ್ಲಿ ಗ್ರಾಮಫೋನ್ ಹಾಡುತ್ತಿದೆ, ಅಮ್ಮ ಮಗ ಬರುತ್ತಾನೆಂದು ಹಾಸಿಗೆ ಸರಿಮಾಡುತ್ತಿದ್ದಾಳೆ, ಬಾಗಿಲು ತೆರೆದರೆ... ನೀವೇ ನೋಡಿ.

‘ಸ್ಕಾರ್‌ಫೇಸ್’ನಲ್ಲಿ ಒಂದು ಗಮ್ಮತ್ತು ಇದೆ. ಯಾರಾದರೂ ಸಾಯುವ ಹೊತ್ತಿಗೆ ಚೌಕಟ್ಟಿನಲ್ಲಿ ಎಲ್ಲಾದರೂ ಒಂದು ಗುಣಾಕಾರದ ಗುರುತು ಕಾಣುತ್ತದೆ. ನೆರಳಲ್ಲಿ, ಗೋಡೆಯಲ್ಲಿ, ಒಮ್ಮೆ ಬೌಲಿಂಗ್ ಆಟದ ಲೆಕ್ಕದ ಹಾಳೆಯಲ್ಲಿ. ಹುಡುಕುತ್ತಾ ಕೂತರೆ ಮಕ್ಕಳಾಟದಂತೆ ಹಿಡಿದುಬಿಡುತ್ತದೆ.

ಪ್ರೀತಿಯ ಚಿತ್ರಗಳು? ದನಿ ಕೆಟ್ಟದಾಗಿತ್ತು ಅಂತ ಹೀರೋಗಳು ಮೂಲೆಗೆ ಬಿದ್ದರಂತೆ?

ಆ ಕಥೆಗೆ ಎಲ್ಲರೂ ಹೇಳುವ ಹೆಸರು ಜಾನ್ ಗಿಲ್ಬರ್ಟ್. ಮೂಕಿಯ ದೊಡ್ಡ ಪ್ರೇಮಿ. 1929ರ ‘ಹಿಸ್ ಗ್ಲೋರಿಯಸ್ ನೈಟ್’ನಲ್ಲಿ ಅವರು ಮತ್ತೆ ಮತ್ತೆ ‘ನಿನ್ನನ್ನು ಪ್ರೀತಿಸುತ್ತೇನೆ’ ಅನ್ನುವಾಗ ಜನ ನಕ್ಕರು. ಆದರೆ ಅವರ ದನಿ ಕೀರಲು ಅನ್ನುವುದು ಸುಳ್ಳು. 1933ರ ‘ಕ್ವೀನ್ ಕ್ರಿಸ್ಟಿನಾ’ ಹಾಕಿ ಕೇಳಿ, ಎಷ್ಟು ಚೆಂದದ ದನಿ. ಕೆಟ್ಟದ್ದು ಸಂಭಾಷಣೆ. ಮೂಕಿಯಲ್ಲಿ ಕಣ್ಣಲ್ಲಿ ಹೇಳುತ್ತಿದ್ದದ್ದನ್ನು ಬಾಯಲ್ಲಿ ಹೇಳಿಸಿದರೆ ಯಾರು ಹೇಳಿದರೂ ಹಾಗೆಯೇ ಕೇಳುತ್ತದೆ.

ಗ್ರೇಟಾ ಗಾರ್ಬೋ ಅವರದ್ದು ಇದರ ತಿರುಗುಮುರುಗು. ಸ್ವೀಡನ್ನಿನವರು, ಭಾರವಾದ ದನಿ. 1930ರ ‘ಆನಾ ಕ್ರಿಸ್ಟಿ’ಗೆ ‘ಗಾರ್ಬೋ ಮಾತಾಡುತ್ತಾಳೆ!’ ಅಂತಲೇ ಜಾಹೀರಾತು ಮಾಡಿದರು. ಆಕೆ ಬಂದು ಕೂತು ಮೊದಲು ಕೇಳುವುದು ವಿಸ್ಕಿ. ಬಳಲಿದ ಹೆಂಗಸಿನ ಬಳಲಿದ ದನಿ. ಜನ ಒಪ್ಪಿಕೊಂಡರು.

ನನ್ನ ಮೆಚ್ಚಿನದ್ದು ಎರ್ನ್ಸ್ಟ್ ಲುಬಿಟ್ಶ್ ಅವರ ‘ಟ್ರಬಲ್ ಇನ್ ಪ್ಯಾರಡೈಸ್’ (1932). ಇಬ್ಬರು ಕಳ್ಳರು ದೊಡ್ಡ ಮನೆತನದವರಂತೆ ನಟಿಸುತ್ತಾ ವೆನಿಸ್‌ನಲ್ಲಿ ಊಟಕ್ಕೆ ಕೂತಿದ್ದಾರೆ. ಊಟ ಮಾಡುತ್ತಲೇ ಒಬ್ಬರ ಜೇಬಿಗೆ ಒಬ್ಬರು ಕೈ ಹಾಕಿದ್ದಾರೆ. ಆಮೇಲೆ ‘ಇಗೋ ನಿಮ್ಮ ಪಿನ್ನು’, ‘ಇಗೋ ನಿಮ್ಮ ಗಡಿಯಾರ’ ಅಂತ ಒಂದೊಂದೇ ವಾಪಸ್ ಕೊಡುತ್ತಾ ಕೊಡುತ್ತಾ ಪ್ರೀತಿಗೆ ಬೀಳುತ್ತಾರೆ. ಒಬ್ಬರನ್ನೊಬ್ಬರು ನಿಜವಾಗಿ ತಿಳಿದುಕೊಂಡ ಕ್ಷಣವೇ ಪ್ರೀತಿ ಶುರುವಾದ ಕ್ಷಣ. ಇದಕ್ಕಿಂತ ಚೆಂದದ ಪ್ರೇಮ ದೃಶ್ಯ ನಾನು ನೋಡಿಲ್ಲ.

‘ಇಟ್ ಹ್ಯಾಪನ್ಡ್ ಒನ್ ನೈಟ್’ (1934) ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಐದು ಆಸ್ಕರ್ ಬಂತು. ಹಿಂದಿಯ ‘ಚೋರಿ ಚೋರಿ’, ‘ದಿಲ್ ಹೈ ಕಿ ಮಾನ್ತಾ ನಹೀ’ ನೋಡಿದವರಿಗೆ ಕಥೆ ಆಗಲೇ ಗೊತ್ತು.

‘ಪ್ರೀ-ಕೋಡ್’ ಅಂದರೇನು?

ಹಾಲಿವುಡ್ ಕಂಪನಿಗಳು 1930ರಲ್ಲಿ ತಾವೇ ಒಂದು ನಿಯಮಾವಳಿ, ಅಂದರೆ ‘ಕೋಡ್’, ಮಾಡಿಕೊಂಡವು. ಏನು ತೋರಿಸಬಹುದು, ಏನು ತೋರಿಸಬಾರದು ಅಂತ. ಆದರೆ ಗಟ್ಟಿಯಾಗಿ ಜಾರಿಗೆ ತಂದದ್ದು 1934ರ ನಡುವಿನಲ್ಲಿ, ಜೋಸೆಫ್ ಬ್ರೀನ್ ಅಧಿಕಾರ ವಹಿಸಿಕೊಂಡ ಮೇಲೆ. ಆ ನಡುವಿನ ನಾಲ್ಕು ವರ್ಷಗಳ ಚಿತ್ರಗಳಿಗೆ ಈ ಹೆಸರು. ನಾನು 1934ಕ್ಕೇ ನಿಲ್ಲಿಸಿದ್ದು ಇದಕ್ಕೇ. ಹೆಂಗಸರು ತಮ್ಮ ಆಸೆಯನ್ನು ತಾವೇ ಹೇಳುತ್ತಾರೆ, ತಪ್ಪು ಮಾಡಿದವರಿಗೆಲ್ಲ ಶಿಕ್ಷೆ ಆಗಲೇಬೇಕು ಅಂತಿಲ್ಲ, ಬಡತನವನ್ನು ಬಡತನವಾಗಿಯೇ ತೋರಿಸುತ್ತಾರೆ. ಕೋಡ್ ಬಂದ ಮೇಲೆ ‘ಟ್ರಬಲ್ ಇನ್ ಪ್ಯಾರಡೈಸ್’ನಂಥ ಚಿತ್ರವನ್ನು ಮತ್ತೆ ಬಿಡುಗಡೆ ಮಾಡಲೂ ಬಿಡಲಿಲ್ಲ.

ಬಾರ್ಬರಾ ಸ್ಟಾನ್‌ವಿಕ್ ಅವರ ‘ಬೇಬಿ ಫೇಸ್’ (1933) ಆಗಲೇ ಕತ್ತರಿಗೆ ಸಿಕ್ಕಿತ್ತು. ಕತ್ತರಿಸದ ಪ್ರತಿ 2004ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂಗ್ರಹದಲ್ಲಿ ಸಿಕ್ಕಿತು. ನೋಡುವುದಾದರೆ ಅದನ್ನೇ ನೋಡಿ.

ಅಳಿಸುವಂಥ ಡ್ರಾಮಾ ಒಂದು ಹೇಳಿ.

‘ಐ ಆ್ಯಮ್ ಎ ಫ್ಯುಜಿಟಿವ್ ಫ್ರಮ್ ಎ ಚೈನ್ ಗ್ಯಾಂಗ್’ (1932). ನಿಜವಾಗಿ ಸೆರೆಮನೆಯಿಂದ ತಪ್ಪಿಸಿಕೊಂಡವನೊಬ್ಬ ಬರೆದ ಆತ್ಮಕಥೆಯಿಂದ ಬಂದದ್ದು. ಚಿತ್ರ ಬಂದಾಗ ಅವನು ಇನ್ನೂ ತಲೆಮರೆಸಿಕೊಂಡೇ ಇದ್ದ. ಕೊನೆಯಲ್ಲಿ ಪಾಲ್ ಮುನಿ ಕತ್ತಲಲ್ಲಿ ಪ್ರೇಯಸಿಯನ್ನು ನೋಡಲು ಬರುತ್ತಾನೆ. ಹೇಗೆ ಬದುಕುತ್ತಿದ್ದೀಯ ಅಂತ ಅವಳು ಕೇಳುತ್ತಾಳೆ. ಅವನ ಮುಖ ಕತ್ತಲಲ್ಲಿ ಕರಗುತ್ತದೆ, ಕತ್ತಲಿನಿಂದ ‘ಕದಿಯುತ್ತೇನೆ’ ಅನ್ನುವ ಪಿಸುದನಿ ಮಾತ್ರ ಬರುತ್ತದೆ. ಮುಗಿಯಿತು.

ಒಂದೇ ಚಿತ್ರ ಎರಡು ಭಾಷೆಯಲ್ಲಿ ಬೇರೆ ಬೇರೆ ಕಾಣುತ್ತದೆ, ಇದೇನು?

ಡಬ್ಬಿಂಗ್ ಸರಿಹೋಗುವ ಮೊದಲು ಅದೇ ಸೆಟ್ಟಿನಲ್ಲಿ ಬೇರೆ ಭಾಷೆಗೆ ಮತ್ತೊಮ್ಮೆ ತೆಗೆಯುತ್ತಿದ್ದರು. ‘ದಿ ಬ್ಲೂ ಏಂಜೆಲ್’ (1930) ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಇದೆ. ಜರ್ಮನ್ ನೋಡಿ, ಮಾರ್ಲೀನ್ ಡೀಟ್ರಿಶ್ ಅದರಲ್ಲಿ ತಮ್ಮ ಮನೆಮಾತಿನಲ್ಲಿ ಆರಾಮಾಗಿದ್ದಾರೆ. ‘ಆನಾ ಕ್ರಿಸ್ಟಿ’ಗೂ ಗಾರ್ಬೋ ನಟಿಸಿದ ಜರ್ಮನ್ ರೂಪ ಇದೆ.

ಮಾತು ಬಂದದ್ದರಿಂದ ಯಾರಿಗೂ ನಷ್ಟ ಆಗಲಿಲ್ಲವಾ?

ಆಯಿತು. ಥಿಯೇಟರಿನಲ್ಲಿ ವಾದ್ಯ ನುಡಿಸುತ್ತಿದ್ದ ಸಾವಿರಾರು ಜನರ ಕೆಲಸ ಹೋಯಿತು. ಜಪಾನಿನಲ್ಲಿ ತೆರೆಯ ಪಕ್ಕ ನಿಂತು ಕಥೆ ಹೇಳುವ ಬೆನ್ಶಿಗಳಿದ್ದರು. ಜನ ಅವರ ಹೆಸರು ನೋಡಿ ಸಿನಿಮಾಗೆ ಹೋಗುತ್ತಿದ್ದರು. ನಿರ್ದೇಶಕ ಅಕಿರಾ ಕುರೊಸಾವಾ ಅವರ ಅಣ್ಣ ಹೈಗೋ ಒಬ್ಬ ಬೆನ್ಶಿ. ಟಾಕಿ ಬಂದು ಕೆಲಸ ಹೋಯಿತು, ಮುಷ್ಕರ ಸೋತಿತು, 1933ರಲ್ಲಿ ಅವರು ಜೀವ ಕಳೆದುಕೊಂಡರು. ಟಾಕಿಯ ಕಥೆ ಹೇಳುವಾಗ ಇವರನ್ನು ಬಿಟ್ಟು ಹೇಳಲು ನನಗೆ ಮನಸ್ಸಾಗುವುದಿಲ್ಲ.

ಆಗ ನಮ್ಮಲ್ಲಿ ಏನಾಗುತ್ತಿತ್ತು?

1931ರ ಮಾರ್ಚ್ 14ರಂದು ಮುಂಬೈನ ಮೆಜೆಸ್ಟಿಕ್‌ನಲ್ಲಿ ಭಾರತದ ಮೊದಲ ಟಾಕಿ ‘ಆಲಂ ಆರಾ’ ಬಂತು. ಕನ್ನಡ ತೆರೆಯ ಮೇಲೆ ಮಾತಾಡಿದ್ದು 1934ರ ಮಾರ್ಚ್ 3ರಂದು, ಬೆಂಗಳೂರಿನ ಪ್ಯಾರಾಮೌಂಟ್‌ನಲ್ಲಿ, ‘ಸತಿ ಸುಲೋಚನ’. ನಿರ್ದೇಶನ ವೈ.ವಿ. ರಾವ್, ಸುಬ್ಬಯ್ಯ ನಾಯ್ಡು ಇಂದ್ರಜಿತ್, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನ. ಶೂಟಿಂಗ್ ನಡೆದದ್ದು ಕೊಲ್ಲಾಪುರದಲ್ಲಿ. ಪುರಾಣ ಬಿಟ್ಟು ಸಂಸಾರದ ಕಥೆಗೆ ನಾವು ಬಂದದ್ದು 1936ರ ‘ಸಂಸಾರ ನೌಕೆ’ಯಲ್ಲಿ. ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನ, ಬಿ.ಆರ್. ಪಂತುಲು, ಎಂ.ವಿ. ರಾಜಮ್ಮ ನಟರು. ಇನ್ನು ನಮ್ಮ ಊರುಗಳಲ್ಲಿ ಥಿಯೇಟರಿಗೆ ಇವತ್ತಿಗೂ ‘ಟಾಕೀಸು’ ಅನ್ನುತ್ತಾರಲ್ಲ, ಅದು ಆ ದಿನಗಳ ಉಳಿಕೆ.

‘ಆಲಂ ಆರಾ’ದ ಪ್ರತಿಯೂ ಇಲ್ಲ, ‘ಸತಿ ಸುಲೋಚನ’ದ ಪ್ರತಿಯೂ ಇಲ್ಲ. ಕನ್ನಡದ ಮೊದಲ ಟಾಕಿಯ ದನಿ ಹೇಗಿತ್ತು ಅಂತ ಈಗ ಕೇಳುವ ಹಾಗಿಲ್ಲ. ನನಗೆ ಇದು ಮನೆಯ ಹಿರಿಯರ ಒಂದು ಫೋಟೋ ಕೂಡ ಉಳಿಯದಷ್ಟು ಬೇಸರ.

ಅಷ್ಟೊಂದು ಚಿತ್ರಗಳು ಕಳೆದುಹೋದದ್ದು ಹೇಗೆ?

ಆಗಿನ ಫಿಲ್ಮು ನೈಟ್ರೇಟಿನದು. ಬೆಂಕಿ ಹತ್ತಿದರೆ ಆರಿಸುವುದು ಬಹಳ ಕಷ್ಟ, ಬೆಂಕಿ ಹತ್ತದಿದ್ದರೂ ವರ್ಷ ಕಳೆದಂತೆ ಅಂಟಾಗಿ ಪುಡಿಯಾಗುತ್ತದೆ. ಓಟ ಮುಗಿದ ಚಿತ್ರ ಯಾರಿಗೆ ಬೇಕು ಅಂತ ಬೆಳ್ಳಿ ತೆಗೆಯಲು ಕರಗಿಸಿದವರೂ ಇದ್ದರು. ವೈಟಾಫೋನ್ ಚಿತ್ರಗಳ ಕಷ್ಟ ಇನ್ನೊಂದು. ಕೆಲವು ಕಡೆ ರೀಲು ಇದೆ, ತಟ್ಟೆ ಇಲ್ಲ. ಕೆಲವು ಕಡೆ ತಟ್ಟೆ ಇದೆ, ರೀಲು ಇಲ್ಲ. 1991ರಲ್ಲಿ ಶುರುವಾದ ವೈಟಾಫೋನ್ ಪ್ರಾಜೆಕ್ಟ್‌ನವರು ಜನರ ಅಟ್ಟ, ನೆಲಮಾಳಿಗೆಗಳಿಂದ ತಟ್ಟೆ ಹುಡುಕಿ ರೀಲಿಗೆ ಜೋಡಿ ಮಾಡುತ್ತಾ ಬಂದಿದ್ದಾರೆ.

ಎಲ್ಲಿ ಸಿಗುತ್ತವೆ? ಯಾವ ಪ್ರತಿ ನೋಡಬೇಕು?

ಇಂಟರ್ನೆಟ್ ಆರ್ಕೈವ್ ಮತ್ತು ಯೂಟ್ಯೂಬ್‌ನಲ್ಲಿ ಎಷ್ಟೋ ಸಿಗುತ್ತವೆ. ಅಮೆರಿಕದಲ್ಲಿ ಆ ಕಾಲದ ಚಿತ್ರದ ಹಕ್ಕು 95 ವರ್ಷಕ್ಕೆ ಮುಗಿಯುತ್ತದೆ, ಹಾಗಾಗಿ ಪ್ರತಿ ಜನವರಿ 1ಕ್ಕೆ ಒಂದೊಂದು ವರ್ಷದ ಚಿತ್ರಗಳು ಎಲ್ಲರ ಸ್ವತ್ತಾಗುತ್ತವೆ. ಸುಮ್ನೆ ಮೊದಲು ಸಿಕ್ಕಿದ್ದನ್ನು ಒತ್ತಬೇಡಿ. ನಕಲಿನ ನಕಲಿನಲ್ಲಿ ಶಬ್ದ ಸೊರಗಿರುತ್ತದೆ. ‘ಎಂ’ ಹುಡುಕುವಾಗ ಸುಮಾರು 1 ಗಂಟೆ 50 ನಿಮಿಷದ, ಜರ್ಮನ್ ದನಿಯ ಪ್ರತಿಯನ್ನೇ ಹಿಡಿಯಿರಿ. ಆಮೇಲೆ ಯಾರೋ ಸದ್ದು ತುಂಬಿಸಿದ ಪ್ರತಿಗಳೂ ಇವೆ, ಅವು ಬೇಡ, ಆ ಮೌನವೇ ಹೋಗಿಬಿಡುತ್ತದೆ.

ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೆ?

ಸಬ್‌ಟೈಟಲ್ ಹಾಕಿಕೊಂಡು ನೋಡಿ, ಬೇಕಾದಲ್ಲಿ ನಿಲ್ಲಿಸಿ. ನನ್ನ ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ‘ಬ್ಲ್ಯಾಕ್‌ಮೇಲ್’ನ ಆ ತಿಂಡಿಯ ದೃಶ್ಯವನ್ನು ಪಕ್ಕದಲ್ಲಿ ಕೂರಿಸಿ ತೋರಿಸಿದೆ, ನಾನೇನೂ ವಿವರಿಸಲಿಲ್ಲ. ಪಕ್ಕದ ಮನೆಯವಳ ಮಾತು ಗೊಣಗೊಣ ಆಗುತ್ತಿದ್ದಂತೆ ಅಮ್ಮ ಹೂ ಕಟ್ಟುತ್ತಿದ್ದ ಕೈ ನಿಲ್ಲಿಸಿ, ‘ಪಾಪ, ಆ ಹುಡುಗಿಗೆ ಬೇರೆ ಏನೂ ಕೇಳಿಸ್ತಿಲ್ಲ’ ಅಂದರು.